ಮಣ್ಣಿನ ರುಚಿ ನೋಡುವ ನಾಯಕ

ಜನವರಿ 6, ಮಂಗಳವಾರ

ರೊಟ್ಟಿ ಮುಗಿಸಿ ಎರಡು ಪುಟ. ಕಾದಂಬರಿ ತೆವಳುತ್ತಿದೆ. ಪಕ್ಕದ ಮನೆಯ ಸುಭದ್ರಾಬಾಯಿಗೆ ಓದಿ ತೋರಿಸಿದೆ. ಮೂವತ್ತು ವರ್ಷ ಭಾಲ್ಕಿಯಲ್ಲಿ ಕನ್ನಡ ಕಲಿಸಿದವರು, ಸುಮ್ಮನೆ ಬಿಡುತ್ತಾರೆಯೇ!

"ಪ್ರಣಾಲಿ, ನಿನ್ನ ಹೀರೋ ಕ್ಯಾಲೆಂಡರ್ ಚಿತ್ರ ಆಗ್ಯಾನ. ಪ್ರೀತಿ ಕತಿ ಅಂದ್ರ ಆ ಗಂಡಸು ಓದೋರ ಎದುರಿಗೆ ಬಂದು ಕೂಡಬೇಕು. ಕಣ್ಣಾರೆ ನೋಡಿದ್ದು ಒಂದರೆ ಹಾಕು. ಅಂಜಬ್ಯಾಡ, ಬರೀ."

ಕಣ್ಣಾರೆ ನೋಡಿದ್ದು… ಒಂದಿದೆ.

ಜನವರಿ 9

ಹೋದ ವರ್ಷ ಮಹಿಳಾ ಸಂಘದವರು ಬೀದರಿಗೆ ಕರೆದೊಯ್ದಿದ್ದರು, ಬಿದರಿ ಕೆಲಸ ನೋಡಲು. ಅಲ್ಲೊಬ್ಬ ಕುಶಲಕರ್ಮಿ, ದತ್ತಾತ್ರಿ. ಪಾತ್ರೆಗೆ ಕಪ್ಪು ಬಣ್ಣ ಕೊಡುವ ಕೋಟೆಯ ಮಣ್ಣನ್ನು ಚಿಟಿಕೆ ನಾಲಿಗೆಗಿಟ್ಟು, ಕಣ್ಣು ಮುಚ್ಚಿ, "ಇದು ಆಗ್ತದ" ಅಂದ. ಹೆಬ್ಬೆರಳಿನ ಉಗುರು ಸೀಳಿತ್ತು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. "ನಾಲಿಗಿಗೆ ಗೊತ್ತಾಗ್ತದರಿ ಅಕ್ಕಾ."

ಅಷ್ಟೇ ಮಾತು. ಅಷ್ಟನ್ನೇ ಹಾಕಿದೆ. ನನ್ನ ನಾಯಕ ಎದ್ದು ಕುಳಿತ!

ಜನವರಿ 10

ಇವರು ಓದಿದರು! ಮದುವೆಯಾಗಿ ಏಳು ವರ್ಷ, ನನ್ನದೊಂದು ಅಕ್ಷರ ಮುಟ್ಟಿದವರಲ್ಲ. ಬೇಳೆ ಮಿಲ್ಲಿನಿಂದ ಬಂದವರು ಚಹಾ ಆರಿದರೂ ಓದುತ್ತಲೇ ಇದ್ದರು. "ಛಲೋ ಅದ. ಬರಿಯೂದು ಬಿಡಬ್ಯಾಡ." ಕಣ್ಣು ತುಂಬಿತು. ಹುಚ್ಚಿ ನಾನು.

ಜನವರಿ 14

ದಿನಾ ಸಲಹೆ. "ಅವನ ದನಿ ಹ್ಯಾಂಗದ, ಅದೂ ಬರೀ. ಅಂಗಡಿ ಯಾವ ಓಣ್ಯಾಗ? ಇಬ್ಬರೂ ಎಲ್ಲಿ ಭೇಟಿ ಆಗ್ತಾರ?"

ಎಲ್ಲಾ ಕಲ್ಪನೆ ಅಂದೆ. ನಕ್ಕರು. "ಆ ಸೀಳಿದ ಉಗುರೂ?"



ಜನವರಿ 19

ನಾಯಕನನ್ನು ಬಸ್ ಕಂಡಕ್ಟರ್ ಮಾಡಿದೆ. ಮಣ್ಣು, ಉಗುರು ಎಲ್ಲ ಹರಿದು ಹಾಕಿದೆ. ಆದರೆ ಇವರು ಹಳೆಯ ಪುಟಗಳ ಫೋಟೊ ತೆಗೆದಿಟ್ಟಿದ್ದಾರೆ. "ಯಾರನ್ನ ಬಚಾವ್ ಮಾಡ್ಲಿಕತ್ತಿ?" — ಮೆಲ್ಲಗೆ ಕೇಳಿದರು.

ಕೂಗಾಡಿದ್ದರೆ ಚೆನ್ನಾಗಿತ್ತು. ಔರಾದಿನಲ್ಲಿ ನಾದಿನಿಯ ಜೊತೆ ಮಾತಾಡಿದ ಹುಡುಗನ ಕೈಯನ್ನು ಇವರು ಮುರಿದ ದಿನವೂ ದನಿ ಹೀಗೇ ಇತ್ತಂತೆ. ಅತ್ತೆಯೇ ಹೇಳಿದ್ದು, ಹೆಮ್ಮೆಯಿಂದ.

ಜನವರಿ 25, ಭಾನುವಾರ

ಬೀದರಿಗೆ ಹೋಗಿ ಬಂದರು. ನನಗೊಂದು ಪುಟ್ಟ ಬಿದರಿ ಡಬ್ಬಿ.

"ಆ ಸೀಳಿದ ಉಗುರು ಹುಡಕೊಂಡು ಹೋಗಿ ಭೇಟಿ ಆದೆ. ಸಾದಾ ಮನಷ್ಯಾ. ನಮ್ಮಾಕಿ ನಿಮ್ಮ ಮ್ಯಾಲ ಕಾದಂಬರಿ ಬರೀಲಿಕತ್ತಾಳ ಅಂದೆ. ಭಾಳ ಖುಷಿ ಆದ. ಬರೋ ಐತಾರ ಊಟಕ್ಕ ಕರದೇನಿ."

ಪಾಪ, ಅವನಿಗೆ ನನ್ನ ಮುಖವೂ ನೆನಪಿರಲಾರದು.

ನನ್ನ ಮೊಬೈಲು ರಿಪೇರಿಗೆಂದು ಒಯ್ದರು. ಅದು ಕೆಟ್ಟಿರಲಿಲ್ಲ.

ಜನವರಿ 28

ಸುಭದ್ರಾಬಾಯಿಗೆ ಎಲ್ಲ ಹೇಳಿದೆ. ಅವರು ಕೂಡಲೇ ತಮ್ಮ ಮೊಬೈಲು ಎತ್ತಿಕೊಂಡರು. "ಫೋನ್ ಹಚ್ಚಿ ಬರಬ್ಯಾಡ ಅಂತ ಹೇಳೂಣು. ಅಂಗಡಿ ಹೆಸರು ಏನು?"

ಗೊತ್ತಿಲ್ಲ. ದೇವರಾಣೆ, ಅಂಗಡಿಯ ಹೆಸರೂ ಗೊತ್ತಿಲ್ಲ ನನಗೆ.

ಫೆಬ್ರವರಿ 1, ಭಾನುವಾರ, ಮಧ್ಯಾಹ್ನ

ಅಡುಗೆ ಆಯಿತು. ಇವರು ಬಸ್ ಸ್ಟ್ಯಾಂಡಿಗೆ ಹೋಗಿದ್ದಾರೆ, ಅವನನ್ನು ಕರೆತರಲು. ಬಾಗಿಲಿಗೆ ಹೊರಗಿನಿಂದ ಚಿಲಕ.

ಹೋಗುವಾಗ ಪೆನ್ನು ಕೈಗಿಟ್ಟರು. "ಕಡೀ ಅಧ್ಯಾಯ ಇವತ್ತ ಬರೀ. ಕಣ್ಣಾರೆ ನೋಡಿದ್ದು ಬರಿಬೇಕಂತ ನಿಮ್ಮ ಟೀಚರ್ ಹೇಳ್ಯಾರಲ್ಲ."

ಕಿಟಕಿಯಿಂದ ಸುಭದ್ರಾಬಾಯಿಯನ್ನು ಕೂಗಿದೆ. ಅವರ ಮನೆಗೆ ಬೀಗ. ಹಲಬರ್ಗಾಕ್ಕೆ ಮಗಳ ಮನೆಗೆ ಹೋಗಿರಬೇಕು…

ಬೈಕ್ ಸದ್ದು. ದತ್ತಾತ್ರಿಯ ನಗು. "ಅಕ್ಕಾರು ಎಲ್ಲಿದ್ದಾರ್ರೀ?"

ಇವರ ದನಿ, ಮೆಲ್ಲಗೆ — "ಒಳಗ ಹೋಗೂಣಂತ. ಮೊದಲ ನಮ್ಮ ಅಂಗಳದ ಮಣ್ಣಿನ ರುಚಿ ನೋಡ್ರಿ. ಬಗ್ರಿ, ಹಾಂ, ಇನ್ನಷ್ಟು ಬಗ್—"

ಓಡು ಎಂದು ಕೂಗ—