ಸ್ಟ್ಯಾಂಡಿಲ್ಲದೆ ತೆಗೆದ ಜಲಪಾತ

ತಾರೀಕು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಪ್ಪನ ಪ್ರೀತಿಯ ಆಶೀರ್ವಾದಗಳು. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಮುಖ ಊದಿಸಿಕೊಳ್ಳಬೇಡ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗಲೂ ಬೇಡ. ನನ್ನ ಕೈನಡುಕ ನಿನಗೆ ಗೊತ್ತೇ ಇದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಮ್ಮ ನಡುವೆ ಬಾಯಿ ಹಾಕಿ ಕಥೆಯನ್ನೆಲ್ಲ ತಾನೇ ಮುಗಿಸಿಬಿಡುತ್ತಾಳೆ. ಅದಕ್ಕೇ ಕಾಗದ.

ನಮ್ಮ ಫೋಟೋ ಸ್ಟುಡಿಯೋ ಮುಚ್ಚಿದ ಮೇಲೆ ಕ್ಯಾಮೆರಾ ಸ್ಟ್ಯಾಂಡಿನ ಆಸರೆಯಿಲ್ಲದೆ ನಾನು ಒಂದು ಫೋಟೋವನ್ನೂ ತೆಗೆದಿರಲಿಲ್ಲ. ಈ ಕೈ ಇನ್ನು ಕ್ಯಾಮೆರಾಕ್ಕೆ ಲಾಯಕ್ಕೋ ಅಲ್ಲವೋ ಎಂಬ ಚಿಂತೆ ಬಹಳ ದಿನದಿಂದ ತಲೆ ತಿನ್ನುತ್ತಿತ್ತು. ಈಗ ಉತ್ತರ ಸಿಕ್ಕಿದೆ ಕಣೇ!

ಮೊನ್ನೆ ಅಮ್ಮನನ್ನು ಕರೆದುಕೊಂಡು ಜಲಪಾತಕ್ಕೆ ಹೋದೆ. ಹೆಗಲ ಮೇಲಿದ್ದ ಮೂರು ಕಾಲಿನ ಸ್ಟ್ಯಾಂಡನ್ನು ಕಂಡದ್ದೇ ಗೇಟಿನ ಕಾವಲುಗಾರ ಕೈ ಅಡ್ಡ ಹಿಡಿದ. "ಇದನ್ನ ಒಳಗೆ ಬಿಡಲ್ಲ ಸಾರ್. ದಾರಿ ಮೊದಲೇ ಇಕ್ಕಟ್ಟು, ಜನ ಎಡವಿ ಬೀಳ್ತಾರೆ. ಇಲ್ಲೇ ಇಟ್ಟು ಹೋಗಿ, ನಾನು ನೋಡ್ಕೋತೀನಿ."

ವಾಪಸ್ ಹೋಗೋಣ ಎಂದೆ. ನಿನ್ನ ಅಮ್ಮ ಬಿಡಬೇಕಲ್ಲ! "ಬಸ್ಸಲ್ಲಿ ಇಷ್ಟು ದೂರ ಕುಲುಕಿಸ್ಕೊಂಡು ಬಂದಿದ್ದೀನಿ ರೀ. ನಿಮ್ಮ ಸ್ಟ್ಯಾಂಡು ನೀರು ನೋಡ್ದೆ ಇದ್ರೆ ಬೇಡ, ನಾನು ನೋಡ್ಬೇಕು" ಎಂದು ಮುಂದೆ ನಡೆದೇಬಿಟ್ಟಳು.

ಕಣಿವೆಯಲ್ಲಿ ಬರೀ ನೆರಳು. ನೀರು ರೇಷ್ಮೆಯಂತೆ ಬರಬೇಕಾದರೆ ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿರಬೇಕು. ಅಷ್ಟು ಹೊತ್ತು ಗಟ್ಟಿ ಕೈಯೇ ನಿಲ್ಲುವುದಿಲ್ಲ, ನನ್ನದರ ಮಾತು ಬಿಡು. ಥಟ್ಟನೆ ತೆಗೆದರೆ ಬಂಡೆಯೇನೋ ಚೂಪಾಗಿ ಬರುತ್ತದೆ, ಆದರೆ ಮರಳು ಎರಚಿದ ಹಾಗೆ ಚಿತ್ರವೆಲ್ಲ ಕಾಳು ಕಾಳು. ಎರಡಕ್ಕೂ ಒಂದೇ ಮದ್ದು ಎಂದು ಎಲ್ಲೋ ಓದಿದ್ದೆ. ಒಂದೇ ನೋಟವನ್ನು ಥಟ್ ಥಟ್ಟೆಂದು ಮೂವತ್ತು ನಲವತ್ತು ಸಲ ತೆಗೆಯುವುದು, ಆಮೇಲೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ ಬೆರೆಸುವುದು.

ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಅಮ್ಮನ ಬೆನ್ನಿಗೆ ಬೆನ್ನು ಕೊಟ್ಟು ನಿಂತೆ. "ಅಲ್ಲಾಡ್ಬೇಡ ಕಣೇ" ಎಂದರೆ ಅವಳಿಗೆ ನಗು. ಅವಳು ನಕ್ಕರೆ ಮೈಯೆಲ್ಲ ಕುಣಿಯುತ್ತದೆ, ಜೊತೆಗೆ ನಾನೂ ಕುಣಿಯಬೇಕು. ಕೊನೆಗೆ ಅವಳನ್ನು ಮುಂದಿನ ಕಂಬಿಯ ಹತ್ತಿರ ಕಳಿಸಿ, ಬಂಡೆಗೆ ಒರಗಿ, ಉಸಿರು ಬಿಟ್ಟು ಗುಂಡಿ ಒತ್ತಿದೆ.

ಮನೆಗೆ ಬಂದು ನೀನು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿನಲ್ಲಿ ಎಲ್ಲ ಬೆರೆಸಿದೆ. ಅದು ಏದುಸಿರು ಬಿಡುತ್ತ ಕೆಲಸ ಮುಗಿಸುವಷ್ಟರಲ್ಲಿ ನನ್ನ ಕಾಫಿ ತಣ್ಣಗಾಗಿತ್ತು. ಆಮೇಲೆ ಏನು ಹೇಳಲಿ! ಕಾಳೆಲ್ಲ ಮಾಯ. ಬಂಡೆಯ ಪಾಚಿ ಎಣಿಸುವಷ್ಟು ಸ್ಪಷ್ಟ. ನೀರು ಮಾತ್ರ ಹಾಲಿನಂತೆ ನುಣುಪು.

"ನಾನೆಲ್ರೀ?" ಎಂದಳು ಅಮ್ಮ.

ಆಗ ನೋಡಿದೆ, ಇವಳೇ ಇಲ್ಲ! ಒಂದು ಕಡೆ ನಿಲ್ಲದೆ ಕಂಬಿಯುದ್ದಕ್ಕೂ ಓಡಾಡಿದ್ದಳು. "ಸುಮ್ನೆ ನಿಂತಿದ್ದು ಮಾತ್ರ ಉಳಿಯುತ್ತೆ, ಓಡಾಡಿದ್ದು ಕರಗಿ ಹೋಗುತ್ತೆ" ಎಂದು ವಿವರಿಸಿದೆ. "ಈ ಮನೇಲಿ ನಾನು ಯಾವತ್ತು ಸುಮ್ನೆ ನಿಂತಿದ್ದೆ ಹೇಳಿ?" ಎಂದಳು. ಬಿಡಿ ಚಿತ್ರವೊಂದರಲ್ಲಿ ಅವಳನ್ನು ಹುಡುಕಿ ತೋರಿಸಿದ ಮೇಲೆಯೇ ರಾತ್ರಿ ಊಟ ಸಿಕ್ಕಿದ್ದು.

ಇನ್ನೂ ದೊಡ್ಡ ಸುದ್ದಿ ಕೇಳು. ನನ್ನ ಕೈ ಪ್ರತಿ ಸಲ ಕೂದಲೆಳೆಯಷ್ಟು ಜರುಗಿತ್ತಲ್ಲ, ಅದೇ ಒಳ್ಳೆಯದಾಗಿದೆ. ಒಂದು ಚಿತ್ರದಲ್ಲಿ ತಪ್ಪಿಸಿಕೊಂಡ ಗೆರೆ ಇನ್ನೊಂದರಲ್ಲಿ ಸಿಕ್ಕಿದೆ. ಎಲ್ಲ ಸೇರಿ, ಹಿಂದೆ ಸ್ಟ್ಯಾಂಡಿನ ಮೇಲೆ ತೆಗೆದದ್ದಕ್ಕಿಂತ ಇದೇ ಚೆನ್ನಾಗಿದೆ. ನಡುಗುವ ಕೈಗೂ ಒಂದು ಕೆಲಸವಿದೆ ಎಂದು ತಿಳಿದು ಕಣ್ಣು ತುಂಬಿ ಬಂತು. ನಾಚಿಕೆ ಬಿಟ್ಟು ನಾಲ್ಕು ಹೆಜ್ಜೆ ಕುಣಿದೂಬಿಟ್ಟೆ.

ಚಿತ್ರದ ಪ್ರತಿ ಜೊತೆಗಿದೆ, ನಿನ್ನ ಹೊಸ ಮನೆಯ ಗೋಡೆಗೆ. ಮದುವೆಯ ಓಡಾಟದಲ್ಲಿ ಊಟ ನಿದ್ದೆ ಬಿಡಬೇಡ. ನೀವಿಬ್ಬರೂ ನೂರು ಕಾಲ ನಗುನಗುತ್ತಾ ಬಾಳಿ.

ಇಂತಿ ನಿನ್ನ
ಅಪ್ಪ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಹೋದ ತಿಂಗಳು ಫೋನಿನಲ್ಲಿ ನೀನು ಅಮ್ಮನಿಗೆ ಹೇಳಿದ್ದು, ಅವಳು ಸ್ಪೀಕರ್ ಹಾಕಿದ್ದರಿಂದ, ನನ್ನ ಕಿವಿಗೂ ಬಿತ್ತು. "ಮದುವೆ ಫೋಟೋ ಅಪ್ಪನ ಕೈಗೆ ಬೇಡಮ್ಮ, ಎಲ್ಲ ಅಲ್ಲಾಡಿ ಹೋಗುತ್ತೆ. ಬೇರೆಯವರಿಗೆ ಹೇಳಿದ್ದೀನಿ. ಅಪ್ಪನಿಗೆ ನೀನೇ ಹೇಗಾದ್ರೂ ತಿಳಿಸು." ಪಾಪ, ಅದನ್ನು ನನಗೆ ಹೇಳಲು ಅಮ್ಮನಿಗೆ ಇನ್ನೂ ಬಾಯಿ ಬಂದಿಲ್ಲ. ನೋವಾಯಿತು ಮಗಳೇ, ಸುಳ್ಳು ಹೇಳುವುದಿಲ್ಲ. ಜಲಪಾತಕ್ಕೆ ಹೋದದ್ದೂ ಅದೇ ಹಟಕ್ಕೆ. ಆದರೆ ನೀನು ಮಾಡಿದ್ದು ಸರಿ. ಬಂಡೆ ನನಗಾಗಿ ನಲವತ್ತು ಸಲ ಕಾಯುತ್ತದೆ, ನಿನ್ನ ನಗು ಕಾಯುವುದಿಲ್ಲ. ಫೋಟೋ ತೆಗೆಯುವವನಿಗೆ ಇಷ್ಟು ಹೇಳಿಡು: ಮನಸಾರೆ ನಗುವ ಮುಂಚೆ ನಿನ್ನ ಮೂಗು ಒಂದು ಚೂರು ಸುಕ್ಕಾಗುತ್ತದೆ, ಅದು ಕಂಡ ಕೂಡಲೇ ಗುಂಡಿ ಒತ್ತಬೇಕು. ಅವನಿಗೆ ಗೊತ್ತಾಗದಿದ್ದರೂ ಚಿಂತೆಯಿಲ್ಲ. ನಾನು ಅವನ ಪಕ್ಕದಲ್ಲೇ ನಿಂತು "ಈಗ" ಅನ್ನುತ್ತೇನೆ.