ನನ್ನ ಅಂಗೈಯನ್ನು ನಿಮ್ಮ ಕಡತದಿಂದ ಬಿಡಿಸಿ

ವೈದ್ಯಕೀಯ ಸಂಶೋಧನೆಗಳಿಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಎಡಗೈಯ ಎರಡು ಬೆರಳುಗಳು ಹದಿನೆಂಟು ತಿಂಗಳಿನಿಂದ ನಿಮ್ಮ ವಶದಲ್ಲಿವೆ. ಉಳಿದ ಮೂರರಿಂದ ಕಾಗದವನ್ನು ಒತ್ತಿ ಹಿಡಿದು ಬಲಗೈಯಿಂದ ಇದನ್ನು ಬರೆಯುತ್ತಿದ್ದೇನೆ. ಮೂರು ಸಲ ಅರ್ಜಿ ಕಳಿಸಿದೆ, ಒಂದಕ್ಕೂ ಉತ್ತರ ಬರಲಿಲ್ಲ. ಮುಚ್ಚಿದ ಲಕೋಟೆಯನ್ನು ತಾವು ಒಡೆಯುವುದಿಲ್ಲವೆಂದು ಖಾತ್ರಿಯಾದ ಮೇಲೆ, ನಾಲ್ಕು ಜನ ಓದುವಂತೆ ಬರೆಯುವುದೊಂದೇ ನನಗೆ ಉಳಿದ ದಾರಿ.

ನಾನು ಬನಹಟ್ಟಿಯಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡವನು. ಆರು ವರ್ಷದ ಹಿಂದೆ ಎಡ ಅಂಗೈಯಲ್ಲಿ, ಉಂಗುರದ ಬೆರಳಿನ ಬುಡಕ್ಕೆ, ಕಡಲೆಕಾಳಿನಷ್ಟು ಗಂಟು ಎದ್ದಿತು. ನೋವಿರಲಿಲ್ಲ. ಚರ್ಮದ ಕೆಳಗಿನ ಪದರ ಗಟ್ಟಿಯಾಗಿ, ಹಗ್ಗದಂತೆ ಬಿಗಿದು, ಬೆರಳುಗಳನ್ನು ಅಂಗೈ ಕಡೆಗೆ ಎಳೆದುಕೊಳ್ಳುವ ಕಾಯಿಲೆ ಅದೆಂದು ಇವತ್ತು ಗೊತ್ತು, ಆಗ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಎಡ ಅಂಗೈ ಎಂದರೆ ಇಷ್ಟಲಿಂಗದ ಪೀಠ. ದಿನವೂ ಸ್ನಾನವಾದ ಮೇಲೆ ಕೊರಳಲ್ಲಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಅಲ್ಲಿಟ್ಟು ಪೂಜಿಸುತ್ತೇವೆ. ನನ್ನ ತಾಯಿ ರತ್ನಾಬಾಯಿ ಗಂಟನ್ನು ಮುಟ್ಟಿ ನೋಡಿ, “ನಲವತ್ತ ವರ್ಷ ಲಿಂಗ ಕುಂತ ಜಾಗಾ ಐತೆಪಾ ಇದು. ಗುರ್ತ ಬಿದ್ದೈತಿ,” ಅಂದಳು. ನಗಬೇಡಿ, ನಾನೂ ನಂಬಿದೆ. ಬೆರಳು ಬಾಗತೊಡಗಿದಾಗ ಲಿಂಗ ಇನ್ನಷ್ಟು ಭದ್ರವಾಗಿ ಕೂರುತ್ತದೆಂದು ಖುಷಿಪಟ್ಟೆ. ಓಣಿಯಲ್ಲಿ ಒಂದಿಬ್ಬರು ನನ್ನ ಕೈ ನೋಡಿ ನಮಸ್ಕಾರವನ್ನೂ ಮಾಡಿದರು. ಅದು ನನಗೆ ಇಷ್ಟವಾಯಿತು, ಸುಳ್ಳು ಹೇಳುವುದಿಲ್ಲ.

ಅಂಥ ಹೊತ್ತಿನಲ್ಲಿ ಜಮಖಂಡಿಗೆ ತಮ್ಮ ಸಮಿತಿ ಒಪ್ಪಿಗೆ ಕೊಟ್ಟ ಸಂಶೋಧನೆ ಬಂತು. ಬೆರಳು ಬಾಗಿದವರಲ್ಲಿ ಕೆಲವರಿಗೆ ಇಂಜೆಕ್ಷನ್, ಉಳಿದವರನ್ನು ಸುಮ್ಮನೆ ನೋಡುತ್ತ ಹೋಗುವುದು. ನನ್ನ ಹೆಂಡತಿ ಶೈಲಾ ಹಟ ಮಾಡಿ ಕರೆದುಕೊಂಡು ಹೋದಳು. ಮೇಜಿನ ಮೇಲೆ ಅಂಗೈಯನ್ನು ಚಪ್ಪಟೆಯಾಗಿ ಇಡಲು ಹೇಳಿದರು, ಇಡಲಾಗಲಿಲ್ಲ. “ಇದರಿಂದ ನಿಮಗೇನ್ ತ್ರಾಸ ಐತ್ರಿ?” ಎಂದು ಡಾಕ್ಟರು ಕೇಳಿದರು. ಲಿಂಗದ ಗುರುತನ್ನು ತ್ರಾಸ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. “ಏನೂ ಇಲ್ರೀ, ಆರಾಮ ಅದೀನಿ,” ಎಂದೆ. “ಖರೆ ಹೇಳ್ರಿ, ಮೊನ್ನಿ ಹರದ ಎಳಿ ಕಟ್ಟಾಕ ಆಗಲಿಲ್ಲಲ್ಲ,” ಎಂದು ಶೈಲಾ ಮೊಣಕೈ ತಿವಿದಳು. ಕಣ್ಣು ಬಿಟ್ಟು ಅವಳ ಬಾಯಿ ಮುಚ್ಚಿಸಿದೆ. ‘ತೊಂದರೆ ಇಲ್ಲ’ ಎಂದು ಬರೆದುಕೊಂಡರು. ಹಾಗಾಗಿ ಇಂಜೆಕ್ಷನ್ ಇಲ್ಲದೆ ಸುಮ್ಮನೆ ನೋಡಬೇಕಾದವರ ಗುಂಪಿಗೆ ನನ್ನನ್ನು ಸೇರಿಸಿದರು. ಸಂಶೋಧನೆ ಮುಗಿಯುವವರೆಗೆ ಬೇರೆ ಚಿಕಿತ್ಸೆ ಪಡೆಯಬಾರದು, ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು ಎಂದಿದ್ದ ಕಾಗದಕ್ಕೆ ಸಹಿಯನ್ನೂ ಹಾಕಿದೆ. ತಪ್ಪು ನನ್ನದೇ, ಒಪ್ಪಿಕೊಂಡಿದ್ದೇನೆ. ಆದರೆ ಆ ತಪ್ಪಿಗೆ ಶಿಕ್ಷೆ ಎಷ್ಟು ವರ್ಷ ಎಂದು ತಮ್ಮ ನಿಯಮಾವಳಿಯಲ್ಲಿ ಎಲ್ಲಾದರೂ ಬರೆದಿದೆಯೇ?

ಈಗ ಉಂಗುರದ ಬೆರಳು, ಕಿರಿಬೆರಳು ಎರಡೂ ಅಂಗೈಗೆ ಅಂಟಲು ಬಂದಿವೆ. ಮಗ್ಗದಲ್ಲಿ ಒಂದು ಎಳೆ ಹರಿದರೆ ಗಂಟು ಹಾಕಲು ಕೈ ಒಳಗೆ ಹೋಗುತ್ತದೆ, ಬರುವಾಗ ಪಕ್ಕದ ಹತ್ತು ಎಳೆಗಳನ್ನು ಹರಿದುಕೊಂಡು ಬರುತ್ತದೆ. ಮುಧೋಳದ ಸರ್ಜನ್ ಒಬ್ಬರು ಕೈ ತಿರುಗಿಸಿ ನೋಡಿ, “ದಸರಾದೊಳಗ ಆಪರೇಷನ್ ಆಗಬೇಕ್ರಿ. ಕಿರಿಬೆರಳಿನ ನಡು ಕೀಲು ಇನ್ನೊಂದಿಷ್ಟು ಬಿಗೀತಂದ್ರ ಆಮ್ಯಾಲೆ ಏನ್ ಮಾಡಿದ್ರೂ ನೆಟ್ಟಗಾಗಂಗಿಲ್ಲ. ಆದ್ರ ನಿಮ್ಮ ಹೆಸರು ಸಂಶೋಧನಾದಾಗ ಐತಿ, ಬಿಡುಗಡಿ ಪತ್ರ ತರ್ರಿ,” ಎಂದರು.

ಪತ್ರಕ್ಕಾಗಿ ಸಂಶೋಧನೆಯ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ಪತ್ರ ಮಾತ್ರ ಕೊಡಲಿಲ್ಲ.

“ಸಂಶೋಧನಾ ನಿಂತೈತ್ರಿ,” ಎಂದರು.

“ಹಂಗಾರ ನಾ ಹೊರಗ ಬಂದಂಗಲ್ರೀ?”

“ನಿಂತೈತ್ರಿ, ಮುಗದಿಲ್ಲ. ನಿಮ್ಮನ್ನ ಬಿಡಾಕ ಮುಖ್ಯ ಸಂಶೋಧಕರ ಸಹಿ ಬೇಕು. ಅವರಿಗೆ ವರ್ಗ ಆಗೇತಿ.”

“ಹೊಸಬರು ಯಾವಾಗ ಬರ್ತಾರ್ರಿ?”

“ಸಂಶೋಧನಾ ಮತ್ತ ಚಾಲೂ ಆದಾಗ ಬರ್ತಾರ್ರಿ.”

ಎಂಥ ಅಚ್ಚುಕಟ್ಟಾದ ವ್ಯವಸ್ಥೆ! ಹೊರಬರುವ ಬಾಗಿಲನ್ನು ಕಾಗದದ ಮೇಲೆ ಬರೆದುಕೊಟ್ಟಿದ್ದೀರಿ, ಗೋಡೆಯಲ್ಲಿ ಇಡುವುದನ್ನು ಮರೆತಿದ್ದೀರಿ. ನಾನು ಸಂಶೋಧನೆ ಬೇಡ ಎನ್ನುವವನಲ್ಲ. ಗೊತ್ತಿಲ್ಲದ್ದನ್ನು ಯಾರಾದರೂ ಹುಡುಕಲೇಬೇಕು, ಅದಕ್ಕೆ ಯಾರದಾದರೂ ಕೈ ಬೇಕೇ ಬೇಕು. ನನ್ನ ಕೈ ಕೊಟ್ಟೆ. ಸುಮ್ಮನೆ ನೋಡುತ್ತೇವೆ ಎಂದಿದ್ದಿರಿ, ಅದನ್ನಾದರೂ ಮಾಡಿದಿರಾ? ಹದಿಮೂರು ತಿಂಗಳಿನಿಂದ ಈ ಕೈಯನ್ನು ತಮ್ಮವರು ಯಾರೂ ನೋಡಿಲ್ಲ. ಔಷಧ ಕೊಡದಿದ್ದರೆ ಬೆರಳು ಎಷ್ಟು ಬಾಗುತ್ತದೆ ಎಂಬುದು ತಮ್ಮ ಪ್ರಶ್ನೆಯಾಗಿದ್ದರೆ, ಅದರ ಉತ್ತರ ಬನಹಟ್ಟಿಯ ಬಜಾರದಲ್ಲಿ ದಿನಾ ಓಡಾಡುತ್ತಿದೆ. ಬಂದು ಅಳೆದುಕೊಂಡು ಹೋಗಲು ಯಾರ ವರ್ಗಾವಣೆ ಅಡ್ಡ ಬಂತು?

ಸಿಟ್ಟಿಗಿಂತ ಹೆಚ್ಚು ನನಗೆ ಭಯವಾಗಿದೆ, ಅಧ್ಯಕ್ಷರೇ. ದಸರೆಗೆ ಇನ್ನು ಐದು ವಾರ. ಕಳೆದ ಸೋಮವಾರ ಬೆಳಿಗ್ಗೆ ಪೂಜೆಗೆ ಕುಳಿತಾಗ ಶೈಲಾ ಎಂದಿನಂತೆ ನನ್ನ ಬೆರಳುಗಳನ್ನು ಎಳೆದು ಹಿಡಿದಿದ್ದಳು. ಅವು ಅವಳ ಕೈಯಿಂದ ತಪ್ಪಿಸಿಕೊಂಡು ಮತ್ತೆ ಮಡಚಿಕೊಂಡವು, ಲಿಂಗ ಜಾರಿತು. ನೆಲಕ್ಕೆ ಬೀಳುವ ಮೊದಲೇ ಅವಳು ಸೆರಗೊಡ್ಡಿ ಹಿಡಿದಳು. ಬಿದ್ದಿದ್ದರೆ ನಮ್ಮ ಮನೆಯಲ್ಲಿ ಅದೆಂಥ ಅನಾಹುತ ಎಂದು ಹೇಳುವ ಧೈರ್ಯ ನನಗಿಲ್ಲ. ಆಮೇಲೆ ಅವ್ವ ನನ್ನ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, “ಗುರ್ತ ಅಲ್ಲಪಾ ಇದು, ರೋಗ ಐತಿ. ನಾ ಹೇಳಿದ್ದ ತಪ್ಪಾತು,” ಅಂದಳು.

ಅವಳಿಗೆ ಎಂಬತ್ತೆರಡು ವರ್ಷ. ಆರು ವರ್ಷ ನಂಬಿಕೊಂಡು ಬಂದ ಮಾತನ್ನು ಕುಳಿತಲ್ಲೇ ತಿದ್ದಿಕೊಂಡಳು. ಅದಕ್ಕೆ ಅವಳಿಗೆ ಯಾರ ಸಹಿಯೂ ಬೇಕಾಗಲಿಲ್ಲ.

ನನಗೆ ಇಂಜೆಕ್ಷನ್ ಬೇಡ, ಪರಿಹಾರ ಬೇಡ, ತಮ್ಮ ವಿಷಾದವೂ ಬೇಡ. ‘ಈತನನ್ನು ಬಿಟ್ಟಿದ್ದೇವೆ’ ಎಂದು ಒಂದು ಸಾಲು ಬರೆದು, ಮುಖ್ಯ ಸಂಶೋಧಕರ ಜಾಗದಲ್ಲಿ ತಾವೇ ಸಹಿ ಮಾಡಿ ಈ ವಾರ ಕಳಿಸಿ. ಒಮ್ಮೆ ತಮ್ಮ ಅಂಗೈಯನ್ನು ಮೇಜಿನ ಮೇಲೆ ಇಟ್ಟು ನೋಡಿ. ಚಪ್ಪಟೆಯಾಗಿ ಕೂರುತ್ತದೆಯಲ್ಲವೇ? ಹಾಗಾದರೆ ಪೆನ್ನು ಹಿಡಿಯಲು ತಮಗೇನು ತ್ರಾಸ?

ಇಂತಿ,
ತಮ್ಮ ಕಡತದಲ್ಲಿ ಇವತ್ತಿಗೂ ‘ತೊಂದರೆ ಇಲ್ಲ’ ಎಂದೇ ಇರುವ
ಕ್ರಮಸಂಖ್ಯೆ ನಲವತ್ತೊಂದು,
ಕಲ್ಮೇಶ, ಬನಹಟ್ಟಿ