ವೆಬ್‌ಸೈಟಿನಲ್ಲಿ ಹಾಕಿದ ನಂಬರ್

ಕಂಪ್ಯೂಟರ್ ಕಲಿಸುವ ಅಕ್ಕನಿಗೆ ನಮಸ್ಕಾರ.

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ತಪ್ಪುಗಳೂ ಇರುತ್ತವೆ, ಕ್ಷಮಿಸಿ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು.

‘ಪರದೇಶದಲ್ಲಿ ಕೆಲಸ ಬೇಕಂದ್ರೆ ಎದ್ದು ಕಾಣ್ಬೇಕು ಕಣೇ’ ಎಂದು ನೀವು ನನ್ನ ಹೊಲಿಗೆಗೊಂದು ವೆಬ್‌ಸೈಟ್ ಮಾಡಿಸಿದಿರಿ. ಫೋನ್ ನಂಬರ್ ಕೇಳಿದಾಗ, ನನ್ನ ಹತ್ತಿರ ಫೋನಿಲ್ಲವೆನ್ನಲು ನಾಚಿಕೆಯಾಗಿ, ನಾನು ಮನೆಗೆಲಸಕ್ಕಿರುವ ಮನೆಯ ಯಜಮಾನಿಯದನ್ನು ಕೊಟ್ಟುಬಿಟ್ಟೆ. ನಿನ್ನೆ ಒಬ್ಬ ಟೈಲರ್ ನನಗೆ ಕೆಲಸ ಕೊಡಲೆಂದು ಫೋನ್ ಮಾಡಿದರು. ಯಜಮಾನಿ ನನ್ನೆದುರೇ ಅವರಿಗೆ, ‘ಅವಳಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ’ ಎಂದರು. ಆಗ ಯಜಮಾನಿ ತೊಟ್ಟಿದ್ದ ಅಂಗಿ ನಾನು ಹೊಲಿದದ್ದು. ಆಮೇಲೆ ನನಗೆ, ‘ವೆಬ್‌ಸೈಟಲ್ಲಿ ಎದ್ದು ಕಾಣ್ತೀಯೇನೇ? ಮೊದಲು ಎದ್ದು ಪಾತ್ರೆ ತೊಳಿ’ ಎಂದರು. ನಿಮ್ಮ ತರಗತಿಗೆ ಇನ್ನು ಕಳಿಸುವುದಿಲ್ಲವಂತೆ. ದಯವಿಟ್ಟು ಆ ನಂಬರ್ ತೆಗೆದು ನಿಮ್ಮದನ್ನು ಹಾಕಿ.

ಇಂದು ಬೆಳಿಗ್ಗೆ ಯಜಮಾನಿ ಸ್ನಾನಕ್ಕೆ ಹೋಗಿದ್ದಾಗ ಅವರ ಫೋನಿಗೆ ಕರೆ ಬಂತು. ಎತ್ತಿದೆ; ಯಾರೋ ಹೊಲಿಗೆಯವಳನ್ನು ಕೇಳಿದರು. ಮೆಲ್ಲಗೆ, ‘ಹೊಲಿಯೋಳು ನಾನೇ’ ಎಂದೆ.

ಇಂತಿ,
ಹಿಂದಿನ ಬೆಂಚಿನವಳು